ರೋಗ ಹರಡಿದಾಗ ಹದಿಹರೆಯದವರ ನಂಬಿಕೆ ಮತ್ತು ನಡವಳಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡೆಂಗಿ, ವಾಂತಿಭೇದಿ, ಸೀತಾಳೆ ಸಿಡುಬು ಅಥವಾ ಕೋವಿಡ್‌ನಂಥ ರೋಗ ಹರಡಿದ ಕಾಲದಲ್ಲಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಶಿಕ್ಷಕರು, ವಿದ್ಯಾರ್ಥಿನಿಲಯಗಳ ವಾರ್ಡನ್‌ಗಳು ಮತ್ತು ಪಾಲಕರು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರೆಗಿನ ವಯಸ್ಸನ್ನು ಹದಿಹರೆಯ ಎಂದು ಪರಿಗಣಿಸುತ್ತದೆ; ಇಲ್ಲಿನ ವಿವರಗಳು ಮುಖ್ಯವಾಗಿ ಎಂಟನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಮಕ್ಕಳನ್ನು ಕುರಿತವು.

ಆರೋಗ್ಯದ ಬಗೆಗಿನ ನಂಬಿಕೆ ಎಂದರೆ ಏನು? ಮಕ್ಕಳಿಗೆ ವಿಷಯ ಗೊತ್ತಿದ್ದರೆ ಸಾಲದೇ?

ಸಾಲದು. ಡೆಂಗಿ ಈಡಿಸ್ ಸೊಳ್ಳೆಯಿಂದ ಹರಡುತ್ತದೆ ಎಂದು ಒಂಬತ್ತನೇ ತರಗತಿಯ ವಿದ್ಯಾರ್ಥಿ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯಬಲ್ಲ. ಅದೇ ವಿದ್ಯಾರ್ಥಿ ತನ್ನ ಮನೆಯ ಹಿತ್ತಲಿನ ಡ್ರಮ್ಮಿನಲ್ಲಿ ಮೇಲೆ ಕೆಳಗೆ ಆಡುವ ಹುಳುಗಳನ್ನು (ಸೊಳ್ಳೆಯ ಮರಿಗಳು, ಅಂದರೆ ಲಾರ್ವಾಗಳು) ಕಂಡೂ ಕಾಣದಂತೆ ಸೈಕಲ್ ಹತ್ತಿ ಹೊರಟುಹೋಗಬಲ್ಲ. ಪರೀಕ್ಷೆಯಲ್ಲಿ ಬರೆದದ್ದು ತಿಳಿವಳಿಕೆ. ಆ ರೋಗ ತನಗೂ ಬರಬಹುದೇ, ಬಂದರೆ ಎಷ್ಟು ಕಷ್ಟವಾಗುತ್ತದೆ, ಡ್ರಮ್ಮನ್ನು ಉಜ್ಜಿ ತೊಳೆದರೆ ನಿಜವಾಗಿ ಪ್ರಯೋಜನವಿದೆಯೇ, ತೊಳೆಯಲು ಏನು ಅಡ್ಡಿ, ಅದನ್ನು ತಾನು ಮಾಡಬಲ್ಲೆನೇ ಎಂಬುದರ ಬಗ್ಗೆ ಅವನು ಮನಸ್ಸಿನೊಳಗೆ ಇಟ್ಟುಕೊಂಡಿರುವ ಅಂದಾಜುಗಳೇ ಇಲ್ಲಿ ನಂಬಿಕೆ ಎನಿಸಿಕೊಳ್ಳುತ್ತವೆ. ಈ ಐದರ ಜೊತೆಗೆ ಆರನೆಯದಾಗಿ ಒಂದು ಪ್ರಚೋದನೆಯನ್ನೂ ಸೇರಿಸುತ್ತಾರೆ: ಪಕ್ಕದ ಮನೆಯವರು ಆಸ್ಪತ್ರೆಗೆ ದಾಖಲಾದ ಸುದ್ದಿ, ಆಶಾ ಕಾರ್ಯಕರ್ತೆಯ ಭೇಟಿ, ಶಾಲೆಯ ಪ್ರಾರ್ಥನೆಯ ವೇಳೆ ಮುಖ್ಯೋಪಾಧ್ಯಾಯರು ಹೇಳಿದ ಒಂದು ಮಾತು, ಇಂಥ ಯಾವುದಾದರೂ ಆಗಬಹುದು.

ದೇವರು, ಶಕುನ, ಹರಕೆ ಮುಂತಾದ ಅರ್ಥದಲ್ಲಿ ನಾವು ಬಳಸುವ ನಂಬಿಕೆಯೂ ಇದರೊಳಗೆ ಬರಬಹುದಾದರೂ, ಅದಷ್ಟೇ ಇದಲ್ಲ. ವಿಜ್ಞಾನ ಓದಿದ ವಿದ್ಯಾರ್ಥಿಗೂ ಈ ಐದೂ ಅಂದಾಜುಗಳು ಇದ್ದೇ ಇರುತ್ತವೆ.

ಈ ವಿಚಾರ ಮೊದಲು ಹುಟ್ಟಿದ್ದು ಎಲ್ಲಿ?

1950ರ ದಶಕದಲ್ಲಿ, ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ. ಕ್ಷಯರೋಗ ಪತ್ತೆಗಾಗಿ ಎದೆಯ ಎಕ್ಸ್‌ರೇಯನ್ನು ಜನರ ಹತ್ತಿರಕ್ಕೇ ಒಯ್ದು ಉಚಿತವಾಗಿ ಮಾಡುತ್ತಿದ್ದರೂ ಬಹಳಷ್ಟು ಜನ ಬರುತ್ತಿರಲಿಲ್ಲ. ಕಾರಣ ಹುಡುಕಿದ ಮನಶ್ಶಾಸ್ತ್ರಜ್ಞರಲ್ಲಿ ಗಾಡ್‌ಫ್ರಿ ಹಾಕ್‌ಬಾಮ್ ಒಬ್ಬರು. ತಮಗೆ ಕ್ಷಯ ಬರಬಹುದೆಂದೂ, ಲಕ್ಷಣ ಕಾಣುವ ಮೊದಲೇ ಪತ್ತೆಯಾದರೆ ಒಳ್ಳೆಯದೆಂದೂ ನಂಬಿದವರಲ್ಲಿ ಶೇ 82ರಷ್ಟು ಮಂದಿ ಎಕ್ಸ್‌ರೇ ಮಾಡಿಸಿದ್ದರು; ಎರಡನ್ನೂ ನಂಬದವರಲ್ಲಿ ಆ ಪ್ರಮಾಣ ಶೇ 21 ಮಾತ್ರ. ಇರ್ವಿನ್ ರೋಸೆನ್‌ಸ್ಟಾಕ್ ಮತ್ತಿತರರು ಇದನ್ನು ಬೆಳೆಸಿ ‘ಆರೋಗ್ಯ ನಂಬಿಕೆ ಮಾದರಿ’ ಎಂಬ ರೂಪ ಕೊಟ್ಟರು. ‘ನಾನು ಇದನ್ನು ಮಾಡಬಲ್ಲೆ’ ಎಂಬ ಭರವಸೆಯ ಅಂಶ ಅದಕ್ಕೆ ಸೇರಿದ್ದು ಬಹಳ ತಡವಾಗಿ, 1988ರಲ್ಲಿ. ಹದಿಹರೆಯದವರ ವಿಷಯದಲ್ಲಿ ಆ ಕೊನೆಯ ಅಂಶವೇ ಎಲ್ಲಕ್ಕಿಂತ ಉಪಯುಕ್ತವೆಂದು ಈ ಪುಟದ ಲೇಖಕರ ಅಭಿಪ್ರಾಯ.

ಹದಿಹರೆಯದವರು ‘ನನಗೇನೂ ಆಗುವುದಿಲ್ಲ’ ಎಂದೇ ಭಾವಿಸುತ್ತಾರಲ್ಲವೇ?

ಹಾಗೆಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. 1967ರಲ್ಲಿ ಡೇವಿಡ್ ಎಲ್ಕಿಂಡ್ ಈ ವಯಸ್ಸಿನ ಎರಡು ಮನೋಭಾವಗಳನ್ನು ಗುರುತಿಸಿದರು: ತಾನು ಉಳಿದವರಂತಲ್ಲ, ತನಗೆ ಅಪಾಯ ತಟ್ಟದು ಎಂಬುದು ಒಂದು, ಎಲ್ಲರೂ ಸದಾ ತನ್ನನ್ನೇ ನೋಡುತ್ತಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದು ಜನಪ್ರಿಯವಾದಷ್ಟು ಗಟ್ಟಿಯಾಗಿ ಸಾಬೀತಾಗಿಲ್ಲ. ಹದಿಹರೆಯದವರನ್ನು ಮತ್ತು ವಯಸ್ಕರನ್ನು ಹೋಲಿಸಿ ನೋಡಿದಾಗ, ಅನೇಕ ಅಪಾಯಗಳನ್ನು ಮಕ್ಕಳೇ ಹೆಚ್ಚಾಗಿ ಅಂದಾಜಿಸುವುದು ಕಂಡುಬಂದಿದೆ. ‘ಬೇರೆಯವರಿಗಿಂತ ನನಗೆ ಅಪಾಯ ಕಡಿಮೆ’ ಎಂಬ ಭ್ರಮೆಯಂತೂ ಎಲ್ಲ ವಯಸ್ಸಿನವರಲ್ಲೂ ಇದೆ. ಹೆಲ್ಮೆಟ್ಟನ್ನು ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ಪಿ.ಬಿ. ರಸ್ತೆಯಲ್ಲಿ ಹೋಗುವ ಅಪ್ಪಂದಿರನ್ನು ನೋಡಿದರೆ ಇದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಎರಡನೆಯ ಮನೋಭಾವ ಮಾತ್ರ ಗಂಭೀರವಾಗಿ ಪರಿಗಣಿಸಬೇಕಾದದ್ದು. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಕಾರು ಓಡಿಸುವ ವಿಡಿಯೊ ಆಟವೊಂದನ್ನು ಆಡಿಸಿದಾಗ, 13ರಿಂದ 16 ವರ್ಷದ ಮಕ್ಕಳು ಒಬ್ಬರೇ ಇದ್ದಾಗ ತೆಗೆದುಕೊಂಡ ಅಪಾಯಕ್ಕಿಂತ ಸುಮಾರು ಎರಡು ಪಟ್ಟು ಹೆಚ್ಚು ಅಪಾಯವನ್ನು ಗೆಳೆಯರು ಪಕ್ಕದಲ್ಲಿದ್ದಾಗ ತೆಗೆದುಕೊಂಡರು. 24 ದಾಟಿದವರಲ್ಲಿ ಈ ವ್ಯತ್ಯಾಸ ಇರಲಿಲ್ಲ. ತರಗತಿಯಲ್ಲಿ ಒಬ್ಬನನ್ನೇ ನಿಲ್ಲಿಸಿ ‘ಮಾಸ್ಕ್ ಯಾಕೆ ಹಾಕಿಲ್ಲ?’ ಎಂದು ಕೇಳುವ ಶಿಕ್ಷಕರು ಇದನ್ನು ಗಮನಿಸಬೇಕು. ಆ ಹುಡುಗನ ನಂಬಿಕೆ ಆ ಕ್ಷಣದಲ್ಲಿ ರೋಗದ ಬಗ್ಗೆ ಇರುವುದಿಲ್ಲ, ಹಿಂದಿನ ಬೆಂಚಿನವರ ನಗೆಯ ಬಗ್ಗೆ ಇರುತ್ತದೆ.

ಎಲ್ಲವನ್ನೂ ಹೇಳಿಕೊಟ್ಟಿದ್ದೇವೆ. ಆದರೂ ಮನೆಯಲ್ಲಿ ನೀರಿನ ತೊಟ್ಟಿ ತೊಳೆಯುವುದಿಲ್ಲ. ಏಕೆ?

ಏಕೆಂದರೆ ತೊಟ್ಟಿಯಲ್ಲಿರುವುದು ನೀರು. ದಾವಣಗೆರೆಯ ಅನೇಕ ಬಡಾವಣೆಗಳಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ನಲ್ಲಿ ನೀರು ಎಲ್ಲ ಮನೆಗಳಿಗೂ ದಿನವೂ ಬರುವುದಿಲ್ಲ. ಬೇಸಿಗೆಯಲ್ಲಿ ಭದ್ರಾ ನಾಲೆ ನಿಂತು ಕೆರೆಗಳ ಮಟ್ಟ ಇಳಿದರೆ ಅಂತರ ಇನ್ನೂ ಹೆಚ್ಚುತ್ತದೆ. ಚಳ್ಳಕೆರೆ, ಮೊಳಕಾಲ್ಮುರು, ಜಗಳೂರಿನ ಕಡೆ ಹೇಳುವುದೇ ಬೇಡ, ಟ್ಯಾಂಕರಿಗಾಗಿ ಕಾದ ಅನುಭವ ಎಲ್ಲರಿಗೂ ಇದೆ. ಹೀಗಿರುವಾಗ ಸಿಮೆಂಟ್ ತೊಟ್ಟಿ, ಪ್ಲಾಸ್ಟಿಕ್ ಡ್ರಮ್ಮು, ಹಂಡೆ, ಕೊಡ ಎಲ್ಲವನ್ನೂ ತುಂಬಿಸಿಡುವುದು ಮನೆಯೊಡತಿಯ ಜಾಣತನ. ಈಡಿಸ್ ಸೊಳ್ಳೆ ಮೊಟ್ಟೆಯಿಡುವುದೂ ಇಂಥ ತಿಳಿನೀರಿನಲ್ಲಿಯೇ. ಮೊಟ್ಟೆ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ ಸಾಕು, ಆದ್ದರಿಂದಲೇ ವಾರಕ್ಕೊಮ್ಮೆ ಖಾಲಿ ಮಾಡಿ ಒಣಗಿಸಿ ಎನ್ನುತ್ತಾರೆ. ಆದರೆ ಮತ್ತೆ ನೀರು ಯಾವಾಗ ಬರುತ್ತದೆಂದು ಖಚಿತವಿಲ್ಲದ ಮನೆಯಲ್ಲಿ ಅರ್ಧ ಡ್ರಮ್ ನೀರು ಚೆಲ್ಲು ಎಂದು ಹದಿನಾಲ್ಕು ವರ್ಷದ ಹುಡುಗಿ ಹೇಳಿದರೆ ಅವಳ ಅಜ್ಜಿ ಬೈಯುತ್ತಾರೆ, ಬೈಯುವುದು ತಪ್ಪೂ ಅಲ್ಲ.

1984ರಲ್ಲಿ ನ್ಯಾನ್ಸಿ ಜಾನ್ಜ್ ಮತ್ತು ಮಾರ್ಷಲ್ ಬೆಕರ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ, ನಡವಳಿಕೆಯನ್ನು ಅತ್ಯಂತ ಬಲವಾಗಿ ಸೂಚಿಸಿದ ಅಂಶ ಅಡೆತಡೆಗಳ ಗ್ರಹಿಕೆ ಎಂದು ಕಂಡುಬಂತು. 2010ರಲ್ಲಿ ಕ್ರಿಸ್ಟೋಫರ್ ಕಾರ್ಪೆಂಟರ್ ಮಾಡಿದ ವಿಶ್ಲೇಷಣೆಯಲ್ಲೂ ಅಡೆತಡೆ ಮತ್ತು ಪ್ರಯೋಜನಗಳೇ ಮುಂದೆ ನಿಂತವು. ‘ನನಗೂ ಬರಬಹುದು’ ಎಂಬ ನಂಬಿಕೆಗೆ ಹೆಚ್ಚು ಬಲವಿರಲಿಲ್ಲ. ನಮ್ಮ ಶಾಲೆಗಳಲ್ಲಿ ನಡೆಯುವ ಬಹುತೇಕ ಜಾಗೃತಿ ಕಾರ್ಯಕ್ರಮಗಳು ಆ ಕಡಿಮೆ ಬಲದ ನಂಬಿಕೆಯನ್ನೇ ಬೆಳೆಸಲು ಜಾಥಾ, ಘೋಷಣೆ, ಚಿತ್ರಕಲಾ ಸ್ಪರ್ಧೆಗಳಲ್ಲಿ ತಮ್ಮ ಶಕ್ತಿಯನ್ನೆಲ್ಲ ವ್ಯಯಿಸುತ್ತವೆ.

ಆದ್ದರಿಂದ ಅಡೆತಡೆಯನ್ನೇ ಕಡಿಮೆ ಮಾಡುವ ಕೆಲಸಗಳನ್ನು ಹೇಳಿಕೊಡಬೇಕು. ನೀರು ಚೆಲ್ಲಲಾಗದಿದ್ದರೆ ಡ್ರಮ್ಮಿನ ಬಾಯಿಗೆ ಹಳೆಯ ಪಂಚೆಯನ್ನೋ ಸೀರೆಯ ತುಂಡನ್ನೋ ಎರಡು ಪದರ ಹಾಕಿ ಬಿಗಿಯಾಗಿ ಕಟ್ಟುವುದು; ನೀರು ಮುಗಿಯುತ್ತ ಬಂದ ದಿನ, ಹೊಸ ನೀರು ಬಿಡುವ ಮೊದಲು, ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜುವುದು; ತೆರೆದ ದೊಡ್ಡ ತೊಟ್ಟಿಗೆ ಆರೋಗ್ಯ ಇಲಾಖೆಯವರಿಂದ ಗಪ್ಪಿ ಅಥವಾ ಗಾಂಬೂಸಿಯಾ ಮೀನು ತಂದು ಬಿಡುವುದು. ಉಜ್ಜುವುದು ಏಕೆ ಮುಖ್ಯವೆಂದು ವಿವರಿಸಬೇಕು: ಈಡಿಸ್ ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗೋಡೆಗೆ ಅಂಟಿಕೊಂಡಿದ್ದು, ಒಣಗಿದರೂ ತಿಂಗಳುಗಟ್ಟಲೆ ಬದುಕಿ, ಮತ್ತೆ ನೀರು ತಾಗಿದಾಗ ಮರಿಯಾಗುತ್ತವೆ. ಈ ಒಂದು ಸಂಗತಿ ತಿಳಿದ ಮಕ್ಕಳು ಉಳಿದ ಹತ್ತು ಸೂಚನೆಗಳಿಗಿಂತ ಇದನ್ನೇ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ.

ಆಸ್ಪತ್ರೆಯ ಭೀಕರ ಚಿತ್ರಗಳನ್ನು ತೋರಿಸಿ ಹೆದರಿಸಿದರೆ ಕೆಲಸವಾಗುವುದಿಲ್ಲವೇ?

ಭಯ ಸ್ವಲ್ಪ ಬೇಕು, ಆದರೆ ಭಯ ಒಂದೇ ಸಾಕಾಗುವುದಿಲ್ಲ. 1965ರಲ್ಲಿ ಹೋವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಕಿರುಹೊತ್ತಗೆ ಕೊಟ್ಟರು. ಕೆಲವರಿಗೆ ತುಂಬಾ ಭಯ ಹುಟ್ಟಿಸುವ ಬರವಣಿಗೆ, ಕೆಲವರಿಗೆ ಸೌಮ್ಯವಾದದ್ದು. ಇಬ್ಬರಲ್ಲೂ ಅರ್ಧದಷ್ಟು ಮಂದಿಗೆ ಮಾತ್ರ ಚುಚ್ಚುಮದ್ದು ಕೊಡುವ ಸ್ಥಳದ ನಕ್ಷೆ, ಸಮಯ, ತಮ್ಮ ದಿನಚರಿಯಲ್ಲಿ ಯಾವಾಗ ಹೋಗಬಹುದೆಂದು ಯೋಚಿಸುವ ಸೂಚನೆ ಕೂಡ ಇತ್ತು. ಹೆಚ್ಚು ಹೆದರಿದವರು ಚುಚ್ಚುಮದ್ದು ಹಾಕಿಸಿಕೊಳ್ಳುವುದು ಮುಖ್ಯವೆಂದು ಹೆಚ್ಚಾಗಿ ಹೇಳಿದರು. ನಿಜವಾಗಿ ಹೋಗಿ ಹಾಕಿಸಿಕೊಂಡವರನ್ನು ಲೆಕ್ಕ ಹಾಕಿದಾಗ ಚಿತ್ರ ಬದಲಾಯಿತು: ನಕ್ಷೆ ಮತ್ತು ಸಮಯ ಸಿಕ್ಕವರಲ್ಲಿ ಸುಮಾರು ಶೇ 28, ಸಿಗದವರಲ್ಲಿ ಸುಮಾರು ಶೇ 3. ಭಯದ ಮಟ್ಟ ಹೆಚ್ಚಿದ್ದುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಆ ವಿದ್ಯಾರ್ಥಿಗಳು ಅಂತಿಮ ವರ್ಷದವರು; ಆವರಣದ ಆರೋಗ್ಯ ಕೇಂದ್ರ ಎಲ್ಲಿದೆಯೆಂದು ಅವರಿಗೆ ಮೊದಲೇ ತಿಳಿದಿದ್ದಿರಬೇಕು. ಆದರೂ ನಕ್ಷೆ ಕೆಲಸ ಮಾಡಿತು.

ದಾರಿ ತೋರಿಸದೆ ಹೆದರಿಸಿದಾಗ ಇನ್ನೊಂದು ಅಪಾಯವಿದೆ. ಕಿಮ್ ವಿಟ್ 1992ರಲ್ಲಿ ವಿವರಿಸಿದಂತೆ, ಅಪಾಯ ದೊಡ್ಡದು, ತನ್ನಿಂದ ಏನೂ ಆಗದು ಎಂದು ಅನ್ನಿಸಿದವರು ಅಪಾಯವನ್ನು ಬಿಟ್ಟು ಭಯವನ್ನೇ ನಿಭಾಯಿಸತೊಡಗುತ್ತಾರೆ: ತಮಾಷೆ ಮಾಡುತ್ತಾರೆ, ‘ಎಲ್ಲ ಸುಳ್ಳು’ ಎನ್ನುತ್ತಾರೆ, ಆ ಮಾತು ಬಂದೊಡನೆ ಎದ್ದು ಹೋಗುತ್ತಾರೆ. ಕೋವಿಡ್ ಕಾಲದಲ್ಲಿ ಮಕ್ಕಳು ಹಂಚಿಕೊಂಡ ಹಾಸ್ಯದ ವಿಡಿಯೊಗಳನ್ನೆಲ್ಲ ಉಡಾಫೆ ಎಂದು ತಿಳಿದವರು, ಅವುಗಳಲ್ಲಿ ಎಷ್ಟೋ ಹೀಗೆ ಹುಟ್ಟಿದವು ಎಂಬುದನ್ನು ಯೋಚಿಸಿದಂತಿಲ್ಲ.

ಮನೆಯಲ್ಲಿ ಸೀತಾಳೆ ಸಿಡುಬು ಬಂದರೆ ‘ಅಮ್ಮ ಬಂದಿದ್ದಾಳೆ’ ಎಂದು ವೈದ್ಯರ ಬಳಿ ಹೋಗುವುದಿಲ್ಲ. ಈ ನಂಬಿಕೆಯನ್ನು ತರಗತಿಯಲ್ಲಿ ಖಂಡಿಸಬೇಕೇ?

ಖಂಡಿಸುವ ಮೊದಲು ಆ ಆಚರಣೆಯನ್ನು ಬಿಡಿಸಿ ನೋಡಬೇಕು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಹೊರಗಿನವರು ಅದನ್ನು ಕಂಡು ಒಳಗೆ ಬರುವುದಿಲ್ಲ. ಮಗುವನ್ನು ಪ್ರತ್ಯೇಕವಾಗಿ ಮಲಗಿಸುತ್ತಾರೆ, ಶಾಲೆಗೆ ಕಳಿಸುವುದಿಲ್ಲ, ತಂಪಾದ ಆಹಾರ ಕೊಡುತ್ತಾರೆ, ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಬೊಕ್ಕೆಗಳು ಒಣಗಿದ ಮೇಲೆ ನೀರು ಹಾಕುತ್ತಾರೆ. ದದ್ದು ಏಳುವುದಕ್ಕೆ ಒಂದೆರಡು ದಿನ ಮೊದಲಿನಿಂದ ಎಲ್ಲ ಬೊಕ್ಕೆಗಳೂ ಹೆಕ್ಕಳೆಗಟ್ಟುವವರೆಗೆ ಈ ರೋಗ ಅಂಟುತ್ತದೆ ಎಂಬ ವೈದ್ಯಕೀಯ ತಿಳಿವಳಿಕೆಗೂ ಮನೆಯವರು ಮಾಡುವ ಪ್ರತ್ಯೇಕತೆಗೂ ಹೆಚ್ಚಿನ ವಿರೋಧವಿಲ್ಲ. ಆದ್ದರಿಂದ ‘ಮೂಢನಂಬಿಕೆ’ ಎಂಬ ಒಂದೇ ಪದದಿಂದ ಇಡೀ ಆಚರಣೆಯನ್ನು ತಳ್ಳಿಹಾಕಿದರೆ, ಅದರೊಳಗಿನ ಪ್ರತ್ಯೇಕವಾಸವನ್ನೂ ತಳ್ಳಿಹಾಕಿದಂತಾಗುತ್ತದೆ.

ತೊಡಕು ಇರುವುದು ಬೇರೆ ಕಡೆ. ಸೀತಾಳೆ ಸಿಡುಬು ಚಿಕ್ಕ ಮಕ್ಕಳಿಗಿಂತ ಹದಿಹರೆಯದವರಿಗೂ ದೊಡ್ಡವರಿಗೂ ತೀವ್ರವಾಗಿ ಬರುತ್ತದೆ. ಉಸಿರಾಟದ ತೊಂದರೆ, ವಿಪರೀತ ತಲೆನೋವು, ಮಂಪರು, ಬೊಕ್ಕೆಗಳ ಸುತ್ತ ಕೆಂಪಗೆ ಬಾತು ಕೀವಾಗುವುದು ಕಂಡರೆ ತಡಮಾಡುವಂತಿಲ್ಲ. ಜ್ವರಕ್ಕೆಂದು ಆಸ್ಪಿರಿನ್ ಕೊಡಲೇಬಾರದು. ಮನೆಯಲ್ಲಿ ಗರ್ಭಿಣಿ ಇದ್ದರೆ ಅವರಿಗೆ ಅಪಾಯ ಹೆಚ್ಚು. ದಡಾರವನ್ನೂ ಕೆಲವು ಕಡೆ ಇದೇ ರೀತಿ ಕಾಣುತ್ತಾರೆ, ಅದರಲ್ಲಿ ಸರಿಯಾದ ಆಹಾರ ಮತ್ತು ‘ಎ’ ಜೀವಸತ್ವ ಮುಖ್ಯ. ‘ಬೇವು ಕಟ್ಟಿ, ಪೂಜೆ ಮಾಡಿ, ಈ ಲಕ್ಷಣ ಕಂಡರೆ ಅದೇ ದಿನ ಆಸ್ಪತ್ರೆಗೂ ಕರೆದೊಯ್ಯಿರಿ’ ಎಂದು ಹೇಳಿದ ಆರೋಗ್ಯ ಕಾರ್ಯಕರ್ತೆಗೆ ಮನೆಯ ಬಾಗಿಲು ತೆರೆದಿರುತ್ತದೆ. ಮಕ್ಕಳ ಮುಂದೆಯೇ ಅವರ ಅಜ್ಜಿಯನ್ನು ಹೀಯಾಳಿಸಿದ ಶಿಕ್ಷಕರಿಗೆ ಆ ಅವಕಾಶ ಸಿಗುವುದಿಲ್ಲ.

ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊಲ, ತೋಪುಗಳಲ್ಲಿ ದಿನ ಕಳೆದು ಮರಳುವ ಹೊರಬೀಡು ಈ ಭಾಗದ ಹಳ್ಳಿಗಳಿಗೆ ಹೊಸದಲ್ಲ. ಕೊರೊನಾ ಕಾಲದಲ್ಲೂ ಅಲ್ಲಲ್ಲಿ ನಡೆಯಿತು. ಪ್ಲೇಗಿನ ದಿನಗಳಲ್ಲಿ ಊರು ಬಿಟ್ಟು ಗುಡಿಸಲುಗಳಲ್ಲಿ ಇದ್ದುದರಿಂದ ಜೀವಗಳು ಉಳಿದದ್ದೂ ಉಂಟು. ಒಂದು ದಿನದ ಆಚರಣೆ ಉಸಿರಿನಿಂದ ಹರಡುವ ವೈರಾಣುವನ್ನು ತಡೆಯಲಾರದು ಎಂಬುದು ಬೇರೆ ಮಾತು. ಆದರೆ ಊರಿನ ಎಲ್ಲರೂ ಒಂದೇ ದಿನ, ಒಂದೇ ಮಾತಿಗೆ ಕಟ್ಟುಬಿದ್ದು ಒಂದು ಕೆಲಸ ಮಾಡಬಲ್ಲರು ಎಂಬುದನ್ನು ಅದು ತೋರಿಸುತ್ತದೆ, ಮತ್ತು ವಾರಕ್ಕೊಂದು ದಿನ ನೀರಿನ ಪಾತ್ರೆ ಒಣಗಿಸುವ ಕಾರ್ಯಕ್ರಮಕ್ಕೆ ಬೇಕಾಗಿರುವುದೂ ಅದೇ.

ಕವಾಡಿಗರಹಟ್ಟಿಯಂಥ ದುರಂತ ಕಣ್ಣೆದುರೇ ನಡೆದ ಮೇಲೂ ಮಕ್ಕಳು ಎಲ್ಲಿ ಬೇಕಾದರಲ್ಲಿ ನೀರು ಕುಡಿಯುತ್ತಾರಲ್ಲ?

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಸೇವಿಸಿ ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದವು. ಇಂಥ ಘಟನೆ ಹತ್ತಿರದಲ್ಲಿ ನಡೆದಾಗ ‘ನಮಗೂ ಆಗಬಹುದು’ ಎಂಬ ನಂಬಿಕೆ ಒಮ್ಮೆಲೇ ಏರುತ್ತದೆ, ಸುದ್ದಿ ತಣ್ಣಗಾದಂತೆ ಇಳಿಯುತ್ತದೆ. ಏರಿದ ಆ ಕೆಲವು ವಾರಗಳಲ್ಲಿ ಒಂದು ಅಭ್ಯಾಸವನ್ನು ನೆಲೆಗೊಳಿಸಿದರೆ ಮಾತ್ರ ಮುಂದೆ ಭಯ ಇಳಿದರೂ ಅಭ್ಯಾಸ ಉಳಿಯುತ್ತದೆ.

ಇಲ್ಲಿಯೇ ಒಂದು ವಿಶೇಷ ಗೊಂದಲವಿದೆ. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದಕ್ಕಾಗಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಮಕ್ಕಳ ಮನಸ್ಸಿನಲ್ಲಿ ಫ್ಲೋರೈಡ್ ಮತ್ತು ಕಾಲರಾ ಎರಡೂ ‘ಕೆಟ್ಟ ನೀರು’ ಎಂಬ ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಕುದಿಸಿದರೆ ಕಾಲರಾದ ಸೂಕ್ಷ್ಮಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಘಟಕದ ನೀರಿನಲ್ಲಿ ಫ್ಲೋರೈಡ್ ಕಡಿಮೆಯಾಗಿರುತ್ತದೆ, ಆದರೆ ಕ್ಯಾನನ್ನು ತೊಳೆಯದೆ ತುಂಬಿಸಿ, ಮನೆಗೆ ತಂದು, ಕೈ ಮುಳುಗಿಸಿ ಲೋಟದಲ್ಲಿ ತೆಗೆದರೆ ಅದೇ ನೀರು ಮತ್ತೆ ಮಲಿನವಾಗುತ್ತದೆ. ‘ನಾವು ಫಿಲ್ಟರ್ ನೀರು ಕುಡಿಯುವವರು, ನಮಗೆ ವಾಂತಿಭೇದಿ ಬಾರದು’ ಎಂಬುದು ಓದಿದ ಮನೆಗಳಲ್ಲೇ ಹೆಚ್ಚಾಗಿ ಕಾಣುವ ಸುಳ್ಳು ಧೈರ್ಯ. ಉದ್ದ ಹಿಡಿಯ ಸೌಟು ಅಥವಾ ನಲ್ಲಿಯಿರುವ ಪಾತ್ರೆ, ಊಟಕ್ಕೆ ಮುಂಚೆ ಮತ್ತು ಶೌಚದ ನಂತರ ಸಾಬೂನಿನಿಂದ ಕೈತೊಳೆಯುವುದು, ಭೇದಿ ಶುರುವಾದೊಡನೆ ಓಆರ್‌ಎಸ್ ಕುಡಿಸುವುದು: ಈ ಮೂರನ್ನು ತರಗತಿಯಲ್ಲಿ ಮಾಡಿ ತೋರಿಸಬೇಕು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕೆಂದು ಕೈಯಾರೆ ಬೆರೆಸಿ ಕಲಿತ ಹುಡುಗನಿಗೆ, ರಾತ್ರಿ ತಮ್ಮನಿಗೆ ಭೇದಿಯಾದಾಗ ‘ನಾನು ಮಾಡಬಲ್ಲೆ’ ಎಂಬ ಭರವಸೆ ಇರುತ್ತದೆ.

ಮಗ ‘ನನಗೆ ಹೋದ ವರ್ಷವೇ ಡೆಂಗಿ ಬಂದಿತ್ತು, ಇನ್ನು ಬರುವುದಿಲ್ಲ’ ಎನ್ನುತ್ತಾನೆ. ನಿಜವೇ?

ಇಲ್ಲ. ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ. ಒಂದರಿಂದ ಬಂದ ರೋಗ ಆ ಬಗೆಯ ವಿರುದ್ಧ ಮಾತ್ರ ದೀರ್ಘಕಾಲದ ರಕ್ಷಣೆ ಕೊಡುತ್ತದೆ, ಮತ್ತೊಂದು ಬಗೆ ತಗುಲಿದಾಗ ಎರಡನೆಯ ಸಲ ರೋಗ ಇನ್ನೂ ತೀವ್ರವಾಗುವ ಸಾಧ್ಯತೆಯಿದೆ. ಮನೆಯ ಹಿರಿಯರು ಈ ತಪ್ಪು ತಿಳಿವಳಿಕೆಗೆ ಅರಿಯದೆ ಪುಷ್ಟಿ ಕೊಡುತ್ತಾರೆ. 2006ರಲ್ಲಿ ಚಿಕೂನ್‌ಗುನ್ಯಾ ಚಿತ್ರದುರ್ಗ, ದಾವಣಗೆರೆ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳಲ್ಲಿ ಹರಡಿ, ಕೀಲುನೋವಿನಿಂದ ಜನ ಹಾಸಿಗೆ ಹಿಡಿದಿದ್ದರು. ಅದು ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಆ ಅನುಭವವನ್ನು ಅವರು ಡೆಂಗಿಗೂ ಅನ್ವಯಿಸುತ್ತಾರೆ. ಇಂದಿನ ಹೈಸ್ಕೂಲು ಮಕ್ಕಳು ಆಗ ಹುಟ್ಟಿಯೇ ಇರಲಿಲ್ಲ.

ಹುಡುಗಿಯರು ಹುಡುಗರಿಗಿಂತ ಹೆಚ್ಚು ಎಚ್ಚರ ವಹಿಸುತ್ತಾರೆಯೇ?

ಬೇರೆ ಬೇರೆ ದೇಶಗಳ ಅನೇಕ ಅಧ್ಯಯನಗಳಲ್ಲಿ ಕೈತೊಳೆಯುವುದು, ಮಾಸ್ಕ್ ಧರಿಸುವುದು ಮುಂತಾದವು ಹುಡುಗಿಯರಲ್ಲಿ ಹೆಚ್ಚಾಗಿ ಕಂಡಿವೆ. ನಮ್ಮಲ್ಲಿ ನೀರು ತುಂಬುವ, ಪಾತ್ರೆ ತೊಳೆಯುವ, ಜ್ವರ ಬಂದವರ ಪಕ್ಕ ಕೂರುವ ಕೆಲಸ ಹೆಚ್ಚಾಗಿ ಅವರದೇ. ಹಾಗಾಗಿ ಕೆಲಸದ ಜಾಗೃತಿಯೆಲ್ಲ ಅವರ ಪಾಲಿಗೆ, ಆಸ್ಪತ್ರೆಗೆ ಹೋಗುವ ತೀರ್ಮಾನ ಮಾತ್ರ ಬೇರೆಯವರ ಕೈಗೆ. ಸೊಳ್ಳೆ ಕಾರ್ಯಕ್ರಮಗಳಲ್ಲಿ ತೊಟ್ಟಿ ಉಜ್ಜುವ ಕೆಲಸವನ್ನು ಹುಡುಗರಿಗೇ ವಹಿಸಬೇಕೆಂದು ಸಲಹೆ.

ಮೊಬೈಲಿನಲ್ಲಿ ಬರುವ ವದಂತಿಗಳನ್ನು ತಡೆಯುವುದು ಹೇಗೆ?

2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿನಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್ ಸಂದೇಶಗಳಿಂದ ಹಲವು ಪಾಲಕರು ಹಿಂಜರಿದಿದ್ದರು. ವದಂತಿ ಬಂದ ಮೇಲೆ ಅಲ್ಲಗಳೆಯುವುದಕ್ಕಿಂತ, ಇಂಥ ಮಾತು ಬರಬಹುದು ಎಂದು ಮುಂಚೆಯೇ ತಿಳಿಸುವುದು ಮೇಲು. ಚುಚ್ಚಿದ ಜಾಗದಲ್ಲಿ ನೋವು, ಒಂದೆರಡು ದಿನ ಸಣ್ಣ ಜ್ವರ ಬರಬಹುದೆಂದು ಮೊದಲೇ ಹೇಳಿದ್ದರೆ, ಜ್ವರ ಬಂದಾಗ ಅದು ವದಂತಿಗೆ ಸಾಕ್ಷಿಯಾಗುವುದಿಲ್ಲ.

ಪರಂಗಿ ಎಲೆಯ ರಸ, ಮೇಕೆಯ ಹಾಲು, ಕಿವಿ ಹಣ್ಣು ಪ್ಲೇಟ್‌ಲೆಟ್ ಹೆಚ್ಚಿಸುತ್ತವೆ ಎಂಬ ಸಂದೇಶಗಳಿಗೆ ಸ್ವಲ್ಪ ಬೇರೆ ಉತ್ತರ ಬೇಕು. ಇವುಗಳಿಂದಲೇ ಡೆಂಗಿ ಗುಣವಾಗುವುದಿಲ್ಲ. ಇವನ್ನು ಕೊಡುತ್ತ ಮನೆಯಲ್ಲೇ ಕಾಯುವುದರಿಂದ ಅಮೂಲ್ಯ ಸಮಯ ಹೋಗುತ್ತದೆ ಎಂಬುದು ದೊಡ್ಡ ಹಾನಿ.

ಗೆಳೆಯರ ಪ್ರಭಾವವನ್ನು ಒಳ್ಳೆಯದಕ್ಕೆ ಬಳಸಬಹುದೇ? ನಿಯಮ, ದಂಡಗಳಿಗಿಂತ ಅದು ಉತ್ತಮವೇ?

ಎರಡಕ್ಕೂ ಅವುಗಳದೇ ಸ್ಥಾನವಿದೆ. 2020ರ ಜೂನ್ ಕೊನೆಯಲ್ಲಿ ಕೋವಿಡ್ ನಡುವೆಯೇ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಾಗ ಮಕ್ಕಳು ಮಾಸ್ಕ್ ಧರಿಸಿ, ದೂರ ನಿಂತು, ತಾಪಮಾನ ತಪಾಸಣೆಗೆ ಒಳಗಾದರು. ಅದು ನಿಯಮದ ಬಲ. ಪರೀಕ್ಷಾ ಕೇಂದ್ರದ ಗೇಟು ದಾಟಿದ ಮೇಲೆ ಗುಂಪುಗೂಡಿ ಪ್ರಶ್ನೆಪತ್ರಿಕೆ ಚರ್ಚಿಸಿದ್ದನ್ನು ಕಂಡವರಿಗೆ ಅದರ ಮಿತಿಯೂ ತಿಳಿದಿದೆ. 2022ರ ಜನವರಿ 3ರಿಂದ 15ರಿಂದ 18 ವರ್ಷದವರಿಗೆ ಲಸಿಕೆ ಆರಂಭವಾದಾಗ ಶಾಲೆ, ಕಾಲೇಜುಗಳಲ್ಲೇ ಅದನ್ನು ಹಾಕಿದ್ದು ಇನ್ನೊಂದು ರೀತಿಯ ಉದಾಹರಣೆ: ದೂರ, ಸರತಿ, ಒಬ್ಬರೇ ಹೋಗುವ ಅಳುಕು ಎಲ್ಲವೂ ಒಟ್ಟಿಗೆ ಕಡಿಮೆಯಾದವು, ಪಕ್ಕದ ಬೆಂಚಿನವರು ತೋಳು ಒಡ್ಡುವುದನ್ನು ಕಂಡು ಉಳಿದವರೂ ಒಡ್ಡಿದರು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸಲು ಅವಕಾಶ ಮಾಡಿಕೊಂಡಿತು. ದಂಡ ಕಟ್ಟಬೇಕಾದವರು ದೊಡ್ಡವರಾದ್ದರಿಂದ, ಮಕ್ಕಳಿಗೆ ಅದು ಮನೆಯಲ್ಲಿ ವಿಷಯ ಎತ್ತಲು ಒಂದು ನೆಪವಾಗಿಯಷ್ಟೇ ಉಪಯೋಗಕ್ಕೆ ಬರುತ್ತದೆ.

ತರಗತಿಯಲ್ಲಿ ಸುಲಭವಾಗಿ ಮಾಡಬಹುದಾದದ್ದೊಂದಿದೆ. ಡ್ರಮ್ಮಿನಿಂದ ಲಾರ್ವಾಗಳಿರುವ ನೀರನ್ನು ಗಾಜಿನ ಶೀಸೆಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ, ಕಿಟಕಿಯಲ್ಲಿ ಇಡಬೇಕು. ಕೆಲವೇ ದಿನಗಳಲ್ಲಿ ಬಿಳಿ ಪಟ್ಟೆಗಳ ಕಾಲಿನ ಸೊಳ್ಳೆ ಬಟ್ಟೆಯ ಕೆಳಗೆ ಕೂತಿರುತ್ತದೆ. ನಂತರ ಶೀಸೆಯೊಳಗೆ ಸಾಬೂನು ನೀರು ಸುರಿದು ಎಲ್ಲವನ್ನೂ ಕೊಲ್ಲಬೇಕು, ಮರೆಯಬಾರದು. ತಮ್ಮ ಮನೆಯ ನೀರಿನಿಂದಲೇ ಹೊರಬಂದ ಸೊಳ್ಳೆಯನ್ನು ಕಂಡ ಮಕ್ಕಳು ಅದನ್ನು ಪರಸ್ಪರ ಹೇಳಿಕೊಳ್ಳುತ್ತಾರೆ.

ನಮ್ಮ ಶಾಲೆಯಲ್ಲಿ ಪ್ರಶ್ನಾವಳಿ ಕೊಟ್ಟೆವು. ‘ನನಗೆ ರೋಗ ಬರುವ ಸಾಧ್ಯತೆ ಕಡಿಮೆ’ ಎಂದವರೇ ಹೆಚ್ಚು ಎಚ್ಚರಿಕೆ ವಹಿಸುತ್ತಿದ್ದಾರೆ. ಆರೋಗ್ಯ ನಂಬಿಕೆ ಮಾದರಿಯ ಸಿದ್ಧಾಂತವೇ ತಪ್ಪೇ?

ಸಿದ್ಧಾಂತ ತಪ್ಪೆಂದು ಇದರಿಂದ ಹೇಳಲಾಗದು. ಸೊಳ್ಳೆಪರದೆ ಕಟ್ಟಿ, ತೋಳು ತುಂಬ ಅಂಗಿ ಹಾಕಿ, ತೊಟ್ಟಿ ಮುಚ್ಚಿಟ್ಟ ಹುಡುಗಿಗೆ ತನಗೆ ರೋಗ ಬರುವ ಸಾಧ್ಯತೆ ಕಡಿಮೆ ಎನಿಸುವುದು ನ್ಯಾಯವಾಗಿಯೇ ಇದೆ. ನಂಬಿಕೆಯಿಂದ ನಡವಳಿಕೆ ಹುಟ್ಟುವಂತೆ, ನಡವಳಿಕೆಯಿಂದ ನಂಬಿಕೆ ಬದಲಾಗುವುದೂ ಉಂಟು. ಒಂದೇ ದಿನ ಎರಡನ್ನೂ ಕೇಳಿದರೆ ಯಾವುದು ಮೊದಲು ಎಂಬುದು ಗೊತ್ತಾಗುವುದಿಲ್ಲ. ‘ನೀನು ಏನೂ ಎಚ್ಚರಿಕೆ ವಹಿಸದಿದ್ದರೆ, ಈ ಮಳೆಗಾಲದಲ್ಲಿ ನಿನಗೆ ಡೆಂಗಿ ಬರಬಹುದು ಎನ್ನಿಸುತ್ತದೆಯೇ?’ ಎಂದು ಷರತ್ತು ಸೇರಿಸಿ ಕೇಳಬೇಕು. ಮಳೆಗೆ ಮುಂಚೆ ನಂಬಿಕೆಯನ್ನು, ಮಳೆಗಾಲದ ಮಧ್ಯದಲ್ಲಿ ನಡವಳಿಕೆಯನ್ನು ಕೇಳಿದರೆ ಇನ್ನೂ ಒಳ್ಳೆಯದು.

ಶಿಕ್ಷಕರೇ ಪ್ರಶ್ನೆ ಕೇಳಿದಾಗ ಮಕ್ಕಳು ಶಿಕ್ಷಕರಿಗೆ ಬೇಕಾದ ಉತ್ತರವನ್ನೇ ಬರೆಯುತ್ತಾರೆ. ಹೆಸರು ಬರೆಸಬಾರದು, ಪಾಲಕರ ಒಪ್ಪಿಗೆ ಪಡೆಯಬೇಕು, ಸಾಧ್ಯವಾದರೆ ‘ತೊಟ್ಟಿ ತೊಳೆಯುತ್ತೀರಾ?’ ಎಂದು ಕೇಳುವ ಬದಲು ಆಶಾ ಕಾರ್ಯಕರ್ತೆಯ ಲಾರ್ವಾ ಸಮೀಕ್ಷೆಯ ಜೊತೆ ಹೋಗಿ ತೊಟ್ಟಿಯನ್ನೇ ನೋಡಬೇಕು. ಇನ್ನು ಈ ಮಾದರಿ ವ್ಯಕ್ತಿಯೊಬ್ಬರ ತೀರ್ಮಾನವನ್ನು ವಿವರಿಸಲು ಹುಟ್ಟಿದ್ದು. ಮನೆಯ ನೀರು, ಹಣ, ಆಸ್ಪತ್ರೆ ಯಾವುದರ ಮೇಲೂ ಅಧಿಕಾರವಿಲ್ಲದ ಹದಿನೈದು ವರ್ಷದವರಿಗೆ ಅದನ್ನು ಅನ್ವಯಿಸುವಾಗ, ಮಗುವಿನ ನಂಬಿಕೆಯ ಜೊತೆಗೆ ತಾಯಿಯದನ್ನೂ ಅಜ್ಜಿಯದನ್ನೂ ಕೇಳದಿದ್ದರೆ ಅರ್ಧ ಲೆಕ್ಕ ಮಾತ್ರ ಸಿಗುತ್ತದೆ.

ಹಾಸ್ಟೆಲಿನಲ್ಲಿ ಮಕ್ಕಳು ಜ್ವರ ಬಂದರೂ ಹೇಳುವುದಿಲ್ಲ. ಏನು ಮಾಡಬೇಕು?

ಮುಚ್ಚಿಡುವುದಕ್ಕೆ ಮಕ್ಕಳಿಗೆ ಸಾಕಷ್ಟು ಕಾರಣಗಳಿವೆ: ಮನೆಗೆ ಕಳಿಸುತ್ತಾರೆ, ಪಾಠ ಮತ್ತು ಹಾಜರಾತಿ ತಪ್ಪುತ್ತದೆ, ಊರಿನಿಂದ ಅಪ್ಪ ಕೂಲಿ ಬಿಟ್ಟು ಬರಬೇಕಾಗುತ್ತದೆ, ‘ಇವನಿಂದಲೇ ಎಲ್ಲರಿಗೂ ಬಂತು’ ಎಂದು ಕೊಠಡಿಯವರು ದೂರುತ್ತಾರೆ. ಹೇಳಿದವರಿಗೆ ನಷ್ಟವಾಗದಂತೆ ವ್ಯವಸ್ಥೆ ಮಾಡಿದರೆ ಮಕ್ಕಳು ಹೇಳುತ್ತಾರೆ. ಜ್ವರದ ದಿನಗಳ ಹಾಜರಾತಿ ಮತ್ತು ತಪ್ಪಿದ ಪಾಠದ ಬಗ್ಗೆ ಶಾಲೆಯೊಡನೆ ಮೊದಲೇ ಮಾತಾಡಿಕೊಳ್ಳಬೇಕು, ಪ್ರತ್ಯೇಕ ಕೊಠಡಿಯನ್ನು ಶಿಕ್ಷೆಯಂತೆ ಕಾಣದ ಹಾಗೆ ಇಡಬೇಕು, ಮನೆಗೆ ವಾರ್ಡನ್‌ರವರೇ ಫೋನ್ ಮಾಡಿ ಗಾಬರಿಯಿಲ್ಲದೆ ತಿಳಿಸಬೇಕು.

ಡೆಂಗಿಯಲ್ಲಿ ಜ್ವರ ಇಳಿದ ದಿನವೇ ‘ಗುಣವಾಯಿತು’ ಎಂದು ಮಕ್ಕಳು ಮೈದಾನಕ್ಕೆ ಹೋಗುತ್ತಾರೆ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವ ಹೊತ್ತಿನಲ್ಲೇ ಅಪಾಯ ಹೆಚ್ಚು. ತೀವ್ರ ಹೊಟ್ಟೆನೋವು, ಬಿಡದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ವಿಪರೀತ ಸುಸ್ತು ಅಥವಾ ಚಡಪಡಿಕೆ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ಅಂಗಡಿಯಿಂದ ತಂದು ನುಂಗಬಾರದು. ಈ ಪಟ್ಟಿಯನ್ನು ಕಚೇರಿಯ ಕಡತದಲ್ಲಿ ಇಡದೆ, ಊಟದ ಹಾಲಿನ ಕೈತೊಳೆಯುವ ಜಾಗದ ಮೇಲೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ದಾರಿ ಮತ್ತು ವೇಳೆಯೊಂದಿಗೆ ಅಂಟಿಸಬೇಕು.

ಮನೆಯವರಿಗೆ ಹೇಳಲು ಅಳುಕುವ ಮಕ್ಕಳು ಯಾರನ್ನು ಕೇಳಬಹುದು?

104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ಗಳಲ್ಲಿ ಆಪ್ತ ಸಮಾಲೋಚಕರು ಸಿಗುತ್ತಾರೆ; ಮಾತನಾಡಿದ ವಿಷಯವನ್ನು ಅವರು ಗೋಪ್ಯವಾಗಿ ಇಡುತ್ತಾರೆ. ಊರಿನ ಆಶಾ ಕಾರ್ಯಕರ್ತೆ ಬಹುತೇಕ ಮಕ್ಕಳಿಗೆ ಅಕ್ಕನೋ ಚಿಕ್ಕಮ್ಮನೋ ಆಗಿ ಪರಿಚಯವಿರುವವರೇ. ಜ್ವರ ಎರಡನೆಯ ದಿನಕ್ಕೆ ಕಾಲಿಟ್ಟರೆ ಮೊದಲು ಅವರಿಗೇ ಹೇಳಿ, ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬಹುದು.